ಸಾಕಷ್ಟು

ಕಲ್ಲುಗಣಿ ಮುಚ್ಚಿ ನಲವತ್ತು ವರ್ಷವಾದ ವೇಲ್ಸಿನ ಊರು.
ಬೆಟ್ಟದ ಬೆನ್ನಿಗೆ ಒಡೆದ ಸ್ಲೇಟಿನ ರಾಶಿ,
ಮಂಜು ಸರಿದರೆ ಅಷ್ಟೂ ಹೊಳೆಯುತ್ತದೆ
ಯಾರೂ ಕೊಳ್ಳದ ಮೀನಿನ ಹಾಗೆ.

ಚಾಪೆಲ್ಲಿನ ಹಿಂದಿನ ಕೋಣೆ ನಮ್ಮದು.
ಮಂಗಳವಾರ, ಗುರುವಾರ, ಸಂಜೆ ಆರರಿಂದ ಒಂಬತ್ತು.
ಒಂದು ಬಿಲಿಯರ್ಡ್ಸ್ ಮೇಜು, ಅದರ ಕುಂಟುಗಾಲಿನ ಕೆಳಗೆ
ನಾಲ್ಕು ಮಡಿಕೆಯ ಸರ್ಕಾರಿ ಪುಸ್ತಿಕೆ:
‘ಯುವಜನ ನೀತಿ, ಹತ್ತು ವರ್ಷದ ಮುನ್ನೋಟ.’
ಅದರಿಂದಾದ ಉಪಕಾರ ಇಷ್ಟು:
ಚೆಂಡು ಈಗ ತಾನಾಗಿ ಎಡಕ್ಕೆ ಉರುಳುವುದಿಲ್ಲ.

ಟೆಲೆರಿ ಮೊದಲು ಬಂದದ್ದು ಒಂದು ಅಕ್ಟೋಬರಿನಲ್ಲಿ.
ಹದಿನಾಲ್ಕು ವಯಸ್ಸು, ಬೆರಳ ತುದಿಯವರೆಗೆ ಎಳೆದುಕೊಂಡ ಸ್ವೆಟರಿನ ತೋಳು.
ಫೋನು ಚಾರ್ಜಿಗೆ ಹಾಕಿದಳು, ಹೀಟರಿನ ಪಕ್ಕ ಕೂತಳು,
ಒಂಬತ್ತಕ್ಕೆ ಎದ್ದು ಹೋದಳು.
ನವೆಂಬರೂ ಹಾಗೇ. ಡಿಸೆಂಬರೂ ಹಾಗೇ.
ನಾನು ಟೋಸ್ಟು ಮಾಡಿ ಹತ್ತಿರ ಇಟ್ಟು
ನೋಡದವಳ ಹಾಗೆ ಆಚೆ ಹೋಗುತ್ತಿದ್ದೆ.
ತಟ್ಟೆ ಖಾಲಿಯಾಗುತ್ತಿತ್ತು.
ನಮ್ಮ ಸಂಭಾಷಣೆ ಅಂದರೆ ಅದು.

ಮೂರು ತಿಂಗಳಿಗೊಮ್ಮೆ ಕೌನ್ಸಿಲ್ಲಿನಿಂದ ನಮೂನೆ ಬರುತ್ತದೆ.
ಫಲಾನುಭವಿಗಳ ಸಂಖ್ಯೆ. ತಲಾ ವೆಚ್ಚ.
ಪಡೆದ ಪ್ರಮಾಣಪತ್ರಗಳು. ತಡೆದ ಅಪರಾಧಗಳು.
ತಡೆದದ್ದನ್ನು ಎಣಿಸುವುದು ಹೇಗೆ, ಸ್ವಾಮಿ?
ಬೀಳದ ಮಗುವಿನ ಮೊಣಕಾಲಿಗೆ ಎಷ್ಟು ಹೊಲಿಗೆ?
ಟೆಲೆರಿಯ ಎದುರು ಪ್ರತಿಸಲ ಸೊನ್ನೆ ಬರೆದೆ,
ಗುಂಡಗೆ, ನೀಟಾಗಿ.

ಹನ್ನೊಂದು ತಿಂಗಳಾದ ಮೇಲೆ ಒಂದು ಗುರುವಾರ
ಬಾಗಿಲಲ್ಲಿ ನಿಂತು, ಚಿಲಕವನ್ನು ನೋಡುತ್ತಾ ಕೇಳಿದಳು,
“ಮಂಗಳವಾರ ಇರ್ತೀರಾ?”
ನಮೂನೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ.
ಆ ಮಾತಿಗೆ ಕಾಲಂ ಇರಲಿಲ್ಲ.

ಚಳಿಗಾಲದ ಕೊನೆಗೆ ಸಮಾಲೋಚನೆ ಸಭೆ.
‘ಮಕ್ಕಳ ದನಿಗೆ ಕಿವಿಗೊಡುತ್ತೇವೆ.’
ಬುಧವಾರ, ಬೆಳಿಗ್ಗೆ ಹತ್ತೂವರೆಗೆ.
ಮಕ್ಕಳೆಲ್ಲ ಶಾಲೆಯಲ್ಲಿದ್ದರು.
ಖಾಲಿ ಕುರ್ಚಿಗಳು ಕಿವಿಗೊಟ್ಟವು.
ಗ್ರಫಿಡ್ ಕೆಟ್ಟವನಲ್ಲ,
ಇದೇ ಮೇಜಿನ ಮೇಲೆ ನಮ್ಮಣ್ಣನ ಕೈಲಿ ಸೋತು ಬೆಳೆದವನು.
ಹಾಳೆ ತಿರುವಿ ಹೇಳಿದ, “ಮುದುಕರ ಆರೈಕೆಗೆ ಕೈ ಹಾಕುವಂತಿಲ್ಲ,
ಶಾಲೆಯ ಬಸ್ಸಿಗೆ ಕೈ ಹಾಕುವಂತಿಲ್ಲ.
ನಿಮಗಾದರೆ ‘ಸಾಕಷ್ಟು’ ಕೊಡಿ ಅನ್ನುತ್ತದೆ ನಿಯಮ,
ಸಾಕಷ್ಟು ಅಂದರೆ ಎಷ್ಟು ಅನ್ನುವುದಿಲ್ಲ, ಎಲುನೆಡ್.”
ಆಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದ.
ಗಾಜಿನ ಮೇಲೆ ಏನೂ ಇರಲಿಲ್ಲ.

ಮನೆಗೆ ನಡೆಯುತ್ತಾ ಆ ಪದವನ್ನು ಬಾಯಲ್ಲಿ ಹೊರಳಿಸಿದೆ.
ಸಾಕು ಅಂದರೆ ಬೆಳೆಸು. ಸಾಕು ಅಂದರೆ ನಿಲ್ಲಿಸು.
ಒಂದೇ ಪದ, ಅದೇ ಎರಡು ಅಕ್ಷರ.
ಯಾವ ಸಾಕು ಅಂತ ಹೇಳುವವರು
ರುಜು ಹಾಕುವ ಪೆನ್ನು ಹಿಡಿದವರು.

ಮಾರ್ಚ್ ಮೂವತ್ತೊಂದಕ್ಕೆ ಬೋರ್ಡು ಇಳಿಸಿದರು.
ಕೆಟಲು ಒಂದು, ಟೋಸ್ಟರು ಒಂದು, ಕ್ಯೂ ಕೋಲು ಎರಡು,
ಒಂದಕ್ಕೆ ತುದಿಯಿಲ್ಲ, ಎಂದು ಪಟ್ಟಿ ಮಾಡಿ ಒಯ್ದರು.
ಮೇಜು ಎತ್ತಲು ನಾಲ್ವರು ಬೇಕು, ಲಾರಿ ಬೇಕು, ಮಂಜೂರಾತಿ ಬೇಕು,
ಅದು ಅಲ್ಲೇ ಇದೆ, ಪುಸ್ತಿಕೆಯ ಮೇಲೆ ಕಾಲೂರಿ.
ಬೀಗ ಬದಲಿಸಬೇಕಿತ್ತಂತೆ.
ಹೊಸ ಬೀಗಕ್ಕೆ ಈ ವರ್ಷ ಅನುದಾನವಿಲ್ಲವಂತೆ.

ಮಂಗಳವಾರ ಸುಮ್ಮನೆ ಆ ಕಡೆ ಹೋದೆ.
ಸುಮ್ಮನೆ ಅಂದೆನೇ? ಜೇಬಲ್ಲಿ ಕೀಲಿ ಇತ್ತು, ಚೀಲದಲ್ಲಿ ಬ್ರೆಡ್ಡು.
ಮೆಟ್ಟಿಲ ಮೇಲೆ ಟೆಲೆರಿ. ಪಕ್ಕದಲ್ಲೊಬ್ಬ ಹುಡುಗ,
ಹನ್ನೆರಡಿರಬೇಕು, ಸ್ವೆಟರಿನ ತೋಳು ಬೆರಳ ತುದಿಯವರೆಗೆ.
“ಇವನು ಮಾತಾಡಲ್ಲ,” ಅಂದಳು. “ಅವಸರ ಏನಿಲ್ಲ.”

ಒಳಗೆ ಕರೆಂಟು ತೆಗೆದಿದ್ದರು.
ಅವಳು ಫೋನಿನ ದೀಪ ಹಚ್ಚಿ ಮೇಜಿನ ನಡುವೆ ನಿಲ್ಲಿಸಿದಳು.
ನೋಡಿದೆ: ನೂರಕ್ಕೆ ನೂರು ಚಾರ್ಜು,
ಎಲ್ಲಿಂದಲೋ ತುಂಬಿಸಿ ತಂದದ್ದು.